ಹದಿನೇಳನೇ ಮನೆಗೆ ಎರಡು ಫಾರ್ಮು

೨೩ ನವೆಂಬರ್ ೧೯೯೮, ಸೋಮವಾರ. ಕಾಗಿಗುಡ್ಡ

ಈ ಕಥೆ ಮೊದಲು ಹೇಳಿದವಳು ಮರಿಲಿಂಗಮ್ಮ. ಇವತ್ತು, ಮಧ್ಯಾಹ್ನ ರೊಟ್ಟಿ ಹೊತ್ತಿಗೆ, ತನ್ನ ಮನೆಯ ಕಟ್ಟೆಯ ಮೇಲೆ. ನಾನು ಮನೆ ನಂಬರ್ ಹದಿನೇಳರ ಫಾರ್ಮು ತುಂಬುತ್ತಿದ್ದೆ. ಪುಟ ನಾಲ್ಕು, ಪ್ರಶ್ನೆ ಮೂವತ್ತೊಂದು — ಮನೆಯಲ್ಲಿ ಎಷ್ಟು ಜನ ಕೂಲಿಗೆ ಹೋಗುತ್ತೀರಿ. ಹತ್ತಿಕಾಯಿ ಚುಚ್ಚಿ ಅವಳ ಹೆಬ್ಬೆರಳು ಬಾತಿತ್ತು, ಅದಕ್ಕೇ ಮನೆಯಲ್ಲಿ ಸಿಕ್ಕಳು. ಇಲ್ಲದಿದ್ದರೆ ಹಗಲು ಹೊತ್ತು ಈ ಊರಲ್ಲಿ ಸಿಗುವುದು ಮುದುಕರು, ಕೋಳಿಗಳು, ಮತ್ತೆ ಗುಡ್ಡದ ಮೇಲಿನ ಆ ನೀಲಿ ನೀರಿನ ಟಾಕಿ.

"ಇದನ್ನ ಎಷ್ಟು ಸಲ ಬರ್ಕೋತೀ ತಂಗಿ? ಹೋದ ವಾರ ಎಲ್ಲಾ ಹೇಳೀನಲ್ಲ."

"ಹೋದ ವಾರ ನಾ ಇಲ್ಲಿ ಬಂದೇ ಇಲ್ಲಕ್ಕಾ."

"ನೀ ಅಲ್ಲ. ಆ ಛತ್ರಿ ಹಿಡದಾಂವ. ಹೊನ್ನಮಟ್ಟಿ ಹತ್ತಿಹೊಲದಾಗ ಬಂದಿದ್ದ. ನಾವು ಹನ್ನೊಂದು ಮಂದಿ ಆಗಷ್ಟೇ ಬುತ್ತಿ ಬಿಚ್ಚಿದ್ದಿವಿ. ಎಲ್ಲಾರದೂ ಬರ್ಕೊಂಡ, ನಮ್ಮ ಪುಂಡಿಪಲ್ಯಾ ಉಂಡ, ಹೆಬ್ಬಟ್ಟು ಒತ್ತಿಸ್ಕೊಂಡು ಹೋದ."

"ಯಾವೂರವ್ರು ಅಂತ ಕೇಳಲಿಲ್ಲೇನು?"

"ಕೇಳಿದ. ಹೊನ್ನಮಟ್ಟಿ ಅಂದಿವಿ."

ನಾನು ಪೆನ್ನು ಎತ್ತಿ ಅವಳ ಮುಖ ನೋಡಿದೆ. ಅವಳು ನನಗೇ ತಿಳಿವಳಿಕೆ ಕಡಿಮೆ ಅನ್ನುವಂತೆ ನಿಧಾನವಾಗಿ ಬಿಡಿಸಿ ಹೇಳಿದಳು. "ಹತ್ತಿಹೊಲದಾಗ ನಿಂತಾಗ ಯಾರರ ಕೇಳಿದ್ರ ಹೊಲದ ಊರು ಹೇಳೂದವ್ವ. ನಮ್ಮೂರು ಹೇಳಿದ್ರ ಈ ಗುಂಪು ಖಾಲಿ ಅದ ಅಂತ ತಿಳ್ಕೊಂಡು ಮತ್ತೊಬ್ಬ ಬಂದು ನಾಳಿಗಿ ನಮ್ಮ ಹೊಲಕ್ಕ ಬರ್ರಿ ಅಂತಾನ. ಹಂಗ ಆದ್ರ ಮೊದಲು ಕೆಲಸಕ್ಕ ಹೇಳಿದಾಂವಗ ಸಿಟ್ಟು ಬರತದ. ಬರೂ ವರ್ಷ ಬಾಗಲಾಗ ನಿಂದ್ರಸಂಗಿಲ್ಲ."

ಇಬ್ಬರೂ ನಕ್ಕೆವು. ಎರಡು ಊರಿನ ಲೆಕ್ಕದಲ್ಲೂ ತಾನಿದ್ದೇನೆ ಎಂದು ಅವಳಿಗೆ ಜಂಬ ಬೇರೆ. ಫಾರ್ಮು ಮುಗಿಸಿ ಎದ್ದೆ. ಆಯಿಯ, ಅಂದರೆ ನನ್ನ ಅಜ್ಜಿಯ, ಮನೆ ಮುಟ್ಟುವಷ್ಟರಲ್ಲಿ ನನ್ನ ನಗು ನಿಂತುಹೋಗಿತ್ತು.

೨೪ ನವೆಂಬರ್, ಬೆಳಗ್ಗೆ

ನಗು ಯಾಕೆ ನಿಂತಿತು ಎಂದು ನನಗೇ ಬಿಡಿಸಿ ಬರೆದುಕೊಳ್ಳುತ್ತೇನೆ.

ಸುರಪುರದ ರಂಗಂಪೇಟೆಯಲ್ಲಿ, ನಮ್ಮ ಆಫೀಸಿನ ಮಹಡಿ ಮೇಲೆ, ಆರು ದಿನ ಟ್ರೇನಿಂಗ್ ಆಯಿತು. ಕಲಿಸಿದವರು ಅಖ್ತರಬೇಗಂ ಮೇಡಂ. ಶಹಾಪುರದ ಮಗಳು, ಹೈದರಾಬಾದಿನ ಸೊಸೆ. ಹೊರದೇಶದ ಯೋಜನೆಯೊಂದು ಕಾಲುವೆ ದಂಡೆಯ ಇಪ್ಪತ್ತು ಊರಿಗೆ ನಲ್ಲಿ, ಬೀಜ, ಹೆಂಗಸರ ಸಂಘ ಎಲ್ಲ ಕೊಟ್ಟಿದೆ. ಅದರಿಂದ ಜನರ ಬದುಕು ಬದಲಾಯಿತೋ ಇಲ್ಲವೋ ಎಂದು ಅಳೆಯುವ ಕೆಲಸ ನಮ್ಮದು.

ಮೊದಲ ದಿನವೇ ಮೇಡಂ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಫರಕ್ ಆತೇನು ಅಂತ ಕೇಳೂದು ಸುಲಭ. ಯೋಜನೆ ಬರದೇ ಇದ್ದಿದ್ರ ಏನಾಗತಿತ್ತು ಅಂತ ಕೇಳ್ರಿ. ಅದು ಕಷ್ಟ."

ನನಗೆ ಕಷ್ಟ ಅನ್ನಿಸಲಿಲ್ಲ. ಸಣ್ಣವಳಿದ್ದಾಗ ಆಯಿ ಕಥೆ ಹೇಳುವಾಗ ನಾನು ಕೇಳುತ್ತಿದ್ದೆ — ಹಾದಿಯಲ್ಲಿ ಹುಲಿ ಬರದೇ ಇದ್ದಿದ್ದರೆ? ಆಯಿ ಬೈಯುತ್ತಿರಲಿಲ್ಲ. ಅದೇ ಹುಡುಗಿ, ಅದೇ ಹಾದಿ, ಹುಲಿ ಮಾತ್ರ ಇಲ್ಲ, ಎಂದು ಇನ್ನೊಂದು ಕಥೆ ಶುರು ಮಾಡುತ್ತಿದ್ದಳು. ಎರಡೂ ಕಥೆ ಪಕ್ಕದಲ್ಲಿಟ್ಟು ನೋಡಿದರೆ ಹುಲಿ ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ.

ಆದರೆ ಊರಿಗೆ ಎರಡು ಕಥೆ ಇರುವುದಿಲ್ಲ. ಅದಕ್ಕೇ ಜೋಡಿ ಊರು ಹುಡುಕುತ್ತಾರೆ. ಅದೇ ಮಣ್ಣು, ಅದೇ ಮಳೆ, ಅಂಥದೇ ಜನ. ಯೋಜನೆ ಮಾತ್ರ ಮುಟ್ಟಿರಬಾರದು. ಅದಕ್ಕೆ ಹೋಲಿಕೆ ಊರು ಅನ್ನುತ್ತಾರೆ. ಯೋಜನೆ ಬಂದ ಊರು ಹೊನ್ನಮಟ್ಟಿ. ಅದರ ಹೋಲಿಕೆ ಊರು ಕಾಗಿಗುಡ್ಡ, ನನ್ನ ತಾಯಿಯ ತವರು. ನಡುವೆ ಕಾಲುವೆ, ದಾಟಲು ಒಂದು ಮೋರಿ. ಕಾಗಿಗುಡ್ಡ ಎತ್ತರದಲ್ಲಿದೆ, ನೀರು ಹತ್ತುವುದಿಲ್ಲ.

ಹತ್ತಿಸಬೇಕು ಎಂದೇ ನೀಲಿ ಟಾಕಿ ಕಟ್ಟಿದ್ದು. ಹೊನ್ನಮಟ್ಟಿಯಿಂದ ಪೈಪು ಮೋರಿಯವರೆಗೆ ಬಂತು. ಇನ್ನು ನಾನೂರು ಹೆಜ್ಜೆ ಬಾಕಿ ಇರುವಾಗ ಕಾಗಿಗುಡ್ಡದ ಹೆಸರು ಹೋಲಿಕೆ ಪಟ್ಟಿಗೆ ಸೇರಿತು. ಅಲ್ಲಿಗೆ ಕೆಲಸ ನಿಂತಿತು. ನಮ್ಮ ಸೂಪರ್‌ವೈಜರ್ ಚನ್ನಯ್ಯ ಸರ್ ಸಮಾಧಾನವಾಗಿಯೇ ಹೇಳಿದ್ದರು. "ಎರಡು ಸಾವಿರದ ಒಂದು ಮಾರ್ಚ್‌ತನಕ ಕಾಗಿಗುಡ್ಡಕ್ಕ ಏನೂ ಕೊಡಂಗಿಲ್ಲ ಮೋನಮ್ಮ. ಕೊಟ್ರ ಹೋಲಿಕೆ ಕೆಡತದ."

ಇದನ್ನು ಆಯಿಗೆ ಹೇಳಿದೆ. ಆಯಿಯ ಹೆಸರು ಅಂಬವ್ವ. ಎಂಬತ್ತಾಗಿರಬೇಕು, ಕಿವಿ ಚುರುಕು.

"ಅಂದ್ರ ನಮ್ಮ ಟಾಕಿ ಒಣಗಿ ನಿಂದರೂದು ಒಂದು ಕೆಲಸ ಏನು?"

"ಹೌದು ಆಯಿ."

"ಆ ಕೆಲಸಕ್ಕ ನಮ್ಮನ್ನ ಯಾರು ಕೇಳಿ ಹಚ್ಚಿದ್ರು?"

 ಟ್ರೇನಿಂಗಿನಲ್ಲಿ ಈ ಪ್ರಶ್ನೆ ಬಂದೇ ಇರಲಿಲ್ಲ.

ಮರಿಲಿಂಗಮ್ಮ ಎರಡೂ ಕಡೆ ಇದ್ದಾಳೆ ಅಂದರೆ ತಕ್ಕಡಿಯ ಎರಡೂ ತಟ್ಟೆಯಲ್ಲಿ ಒಂದೇ ಕಲ್ಲು. ಹಾಗಾದರೆ ನಾವು ಅಳೆಯುತ್ತಿರುವುದು ಏನು? ಟಾಕಿ ಒಣಗಿರುವುದು ಏತಕ್ಕೆ?

೨೭ ನವೆಂಬರ್, ಶುಕ್ರವಾರ. ಶಹಾಪುರ

ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಲ್ಲಿ ಪರಮಣ್ಣ ಸಿಕ್ಕ. ಮುದನಾಳದವನು, ನನ್ನ ಜತೆ ಟ್ರೇನಿಂಗ್ ಆದವನು. ಹೊನ್ನಮಟ್ಟಿಯ ಫಾರ್ಮೆಲ್ಲ ಅವನದೇ. ಛತ್ರಿ ಟೇಬಲ್ಲಿಗೆ ಒರಗಿಸಿ ಸುಸಲಾ ಮಿರ್ಚಿ ತಿನ್ನುತ್ತಿದ್ದ. ನನ್ನ ಪಟ್ಟಿ ಅವನ ಪಟ್ಟಿಯ ಪಕ್ಕ ಇಟ್ಟೆ. ಮರಿಲಿಂಗಮ್ಮ, ಬಸ್ಸಮ್ಮ, ಭೀಮಾಬಾಯಿ... ಹನ್ನೊಂದಕ್ಕೆ ಹನ್ನೊಂದೂ ಎರಡೂ ಪಟ್ಟಿಯಲ್ಲಿ. ಗಂಡನ ಹೆಸರು ಸಹ ಅದೇ.

ಅವನ ಕೈಯಲ್ಲಿನ ಮಿರ್ಚಿ ಕೈಯಲ್ಲೇ ಉಳಿಯಿತು.

"ಓಣಿಯಾಗ ಯಾವ ಹೆಂಗಸ್ರೂ ಬಾಯಿ ಬಿಡಲಿಲ್ಲ ಮೋನಕ್ಕ. ಗಂಡಸ್ರು ಬಂದ ಮ್ಯಾಲ ಬರ್ರಿ ಅಂದ್ರು. ಗಂಡಸ್ರೆಲ್ಲ ಶಹಾಪುರಕ್ಕ ಹೋಗ್ಯಾರ. ಹೊಲದಾಗ ನೋಡಿದ್ರ ಹನ್ನೊಂದು ಮಂದಿ ಒಂದ ಕಡಿ ಕುಂತಾರ. ಕೇಳಿದ್ದಕ್ಕೆಲ್ಲ ಜವಾಬು ಕೊಡತಾರ. ನನಗ ದೇವ್ರ ಸಿಕ್ಕಂಗಾತು."

"ಊಟಾನೂ ಸಿಕ್ತು."

"ಪುಂಡಿಪಲ್ಯಾ ಬಾಳ ಚಲೋ ಇತ್ತು." ತಲೆ ತಗ್ಗಿಸಿ ಅಂದ. "ಇದನ್ನ ಯಾರಿಗೂ ಹೇಳಬ್ಯಾಡ. ನನ್ನ ಕೆಲಸ ಹೋಗತದ."

ಹೇಳುತ್ತೇನೆ ಅಂದೆ. ನಿನ್ನ ಹೆಸರಿಂದ ಶುರು ಮಾಡುವುದಿಲ್ಲ, ಅಷ್ಟೇ, ಅಂದೆ. ಚಹಾ ಅವನೇ ಕುಡಿಸಿದ. ಪಾಪ.

೩೦ ನವೆಂಬರ್. ರಂಗಂಪೇಟೆ ಆಫೀಸು

ಚನ್ನಯ್ಯ ಸರ್‌ಗೆ ಹೇಳಿದೆ. ಕೂಗಾಡಲಿಲ್ಲ. ಕುರ್ಚಿ ಕೊಟ್ಟರು, ಆಯಿಯ ಕೆಮ್ಮು ವಿಚಾರಿಸಿದರು. ಕೆಟ್ಟ ಮನುಷ್ಯ ಅಲ್ಲ. ಕೆಟ್ಟವರಾಗಿದ್ದರೆ ಜಗಳ ಸುಲಭವಿತ್ತು.

"ಸಣ್ಣ ಮಾತು ಇದು. ಆ ಹನ್ನೊಂದು ಮಂದಿ ಹೊನ್ನಮಟ್ಟಿ ಕಡಿ ಇರಲಿ ಬಿಡು. ಕಾಗಿಗುಡ್ಡದಾಗ ಬ್ಯಾರೆ ಹನ್ನೊಂದು ಮನಿ ತಗೋ. ಕಾಲುವಿ ಕಡಿ ಕೆಲಸಕ್ಕ ಹೋಗದವರ ಮನಿ."

"ಅಂಥ ಮನಿ ಇಲ್ರಿ ಸರ್."

"ಹುಡುಕು."

"ಹುಡುಕಿ ಸಿಗದಿದ್ರ?"

"ಸಿಗತಾವ. ಹದಿನೈದರೊಳಗ ಎಲ್ಲಾ ಫಾರ್ಮಿನ ಮ್ಯಾಲೂ ನಿನ್ನ ಸಹಿ ಬೇಕು. ಸಹಿ ಆದ್ರ ಸರ್ಟಿಫಿಕೇಟ್ ಸಿಗತದ. ಸರ್ಟಿಫಿಕೇಟ್ ಇದ್ರ ಮಾಸ್ತರ ಕೆಲಸಕ್ಕ ಅನುಕೂಲ. ನಾ ಏನು ನಿನಗ ಹೆದರಸಾಕತ್ತಿಲ್ಲ."

ಹೆದರಿಸಿದರು. ಮರ್ಯಾದೆಯಿಂದ ಹೆದರಿಸಿದರು. ಸರ್ಟಿಫಿಕೇಟ್ ನನಗೆ ಬೇಕು. ಬೇಡ ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ.

ಆದರೂ ಹುಡುಕುತ್ತೇನೆ. ಸರ್ ಹೇಳಿದ್ದನ್ನೇ ಮಾಡುತ್ತೇನೆ. ಒಂದು ಮನೆಯನ್ನೂ ಬಿಡದೆ.

೯ ಡಿಸೆಂಬರ್, ಬುಧವಾರ

ಒಂಬತ್ತು ದಿನ ಇಲ್ಲಿ ಬರೆದಿಲ್ಲ. ಬರೆದದ್ದೆಲ್ಲ ಇನ್ನೊಂದು ನೋಟ್‌ಬುಕ್ಕಿನಲ್ಲಿದೆ. ಕಾಗಿಗುಡ್ಡದ ನೂರಾ ಹನ್ನೆರಡು ಮನೆಗೂ ಹೋಗಿ ಬಂದೆ.

ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಕಾಲುವೆ ಹೊಲಕ್ಕೆ ಹೋಗುವ ಮನೆ ತೊಂಬತ್ತೇಳು. ಉಳಿದದ್ದು ಹದಿನೈದು. ಅದರಲ್ಲಿ ಒಂಬತ್ತು ಕುರಿಯವರ ಮನೆ. ಪೈರು ಕೊಯ್ದ ಮೇಲೆ ಹೊನ್ನಮಟ್ಟಿಯ ಹೊಲದಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸುತ್ತಾರೆ, ಹೊಲದವರು ಕಾಳು ಅಳೆದು ಕೊಡುತ್ತಾರೆ. ಐದು ಮನೆಯಲ್ಲಿ ಮುದುಕರಷ್ಟೇ. ಅವರ ಮಕ್ಕಳು ಕಾಲುವೆ ಕ್ಯಾಂಪಿನಲ್ಲಿ ಕೂಲಿಗಿದ್ದಾರೆ. ಕುಡಿಯುವ ನೀರಂತೂ ಎಲ್ಲರದೂ ಅದೇ ಕಾಲುವೆಯದು, ತಲೆಯ ಮೇಲೆ, ಹೋಗಿಬರಲು ಒಂದು ತಾಸು.

ಕಾಲುವೆ ಮುಟ್ಟದ ಮನೆ ಒಂದು ಸಿಕ್ಕಿತು. ನಂಬರ್ ಎಂಬತ್ತಾರು. ಬೀಗ ಹಾಕಿದೆ. ಯಜಮಾನ ಸತ್ತು ಎರಡು ವರ್ಷ.

ನಾಲ್ಕು ದಿನ ಆಯಿಯನ್ನು ಮೋರಿ ಕಟ್ಟೆಯ ಮೇಲೆ ಕೂಡಿಸಿದ್ದೆ. ಎರಡು ಗಡಿಗೆ ಕೊಟ್ಟಿದ್ದೆ. ಕೆಲಸಕ್ಕೆ ದಾಟಿದವರಿಗೆ ಒಂದು ಕಾಳು ಜೋಳ, ನೀರಿನ ಕೊಡಕ್ಕೆ ಒಂದು ಕಾಳು ಕಡಲೆ. ಹಾದುಹೋಗುವವರೆಲ್ಲ ಚೇಷ್ಟೆ ಮಾಡಿದರು. "ಏನ ಮುದುಕಿ, ಜಕಾತಿ ಕಟ್ಟಿ ಹಾಕಿಯೇನು?" ಆಯಿ ಬಿಡಲಿಲ್ಲ. "ಹೌದು. ನಿನ್ನ ಕಾಳು ಗಡಿಗ್ಯಾಗ ಬಿತ್ತು, ಇನ್ನ ನಡಿ."

ಮೊದಲ ದಿನದ ಕಡಲೆ ನಾನೇ ಒಂದಿಷ್ಟು ತಿಂದುಬಿಟ್ಟೆ, ಮರೆತು. ಆ ದಿನದ ಲೆಕ್ಕ ಹೊಡೆದು ಹಾಕಿದೆ. ಉಳಿದ ಮೂರು ದಿನ ಸಾಫ್ ಇವೆ.

ಹೋಲಿಕೆ ಕೆಡುತ್ತದೆ ಎಂದು ಟಾಕಿಗೆ ನೀರು ಬಿಡಲಿಲ್ಲ. ಹೋಲಿಕೆ ಎಂದೋ ಕೆಟ್ಟಿದೆ. ಈ ಹೆಂಗಸರು ದಿನಾ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಮೋರಿ ದಾಟುತ್ತಿದ್ದಾರೆ.

೧೨ ಡಿಸೆಂಬರ್, ಶನಿವಾರ. ಶಹಾಪುರ

ಎಸ್‌ಟಿಡಿ ಬೂತಿನಿಂದ ಹೈದರಾಬಾದಿಗೆ, ಅಖ್ತರಬೇಗಂ ಮೇಡಂಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಮನೆಗಳ ಲೆಕ್ಕ ಓದಿದೆ. ಮೇಡಂ ಇನ್ನೊಮ್ಮೆ ಓದಿಸಿದರು.

"ಕಾಗಿಗುಡ್ಡದಾಗ ನಿನಗ ಯಾರರ ಅದಾರೇನು?"

"ನಮ್ಮವ್ವನ ತವರುಮನಿರಿ."

"ಹಂಗಾದ್ರ ನಿನ್ನ ಮಾತು ನಾ ನಂಬಂಗಿಲ್ಲ."

ಮೈ ಉರಿಯಿತು. ಮೇಡಂ ಮಾತು ಮುಗಿಸಿರಲಿಲ್ಲ. "ನಿನ್ನ ಮಾತು ಸುಳ್ಳು ಅಂತ ಅಲ್ಲ ಬೇಟಾ. ನಿನಗ ಆ ಟಾಕಿ ತುಂಬಬೇಕಾಗ್ಯಾದ. ಬೇಕಾದವ್ರ ಮಾತು ಬ್ಯಾರೆಯವ್ರು ನೋಡಬೇಕು. ಹತ್ತೊಂಬತ್ತಕ್ಕ ನಾನೇ ಬರತೀನಿ. ಹತ್ತು ಮನಿ ನಾನೇ ಕೇಳತೀನಿ. ನೀ ದೂರ ನಿಂದರಬೇಕು, ತುಟಿ ಬಿಚ್ಚಬಾರದು."

ನಮ್ಮೂರು ಗೋಗಿಯ ಆಟೋದಲ್ಲಿ ಕೂತು ಬರುವಾಗ ಸಿಟ್ಟು ಇಳಿಯಿತು. ಸರಿಯಾಗಿಯೇ ಹೇಳಿದರು. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಅನ್ನಬೇಕಿತ್ತು. ಆರು ದಿನದ ಟ್ರೇನಿಂಗಿನಲ್ಲಿ ಕಲಿಯದ್ದನ್ನು ಆರು ನಿಮಿಷದ ಫೋನಿನಲ್ಲಿ ಕಲಿತೆ.

೧೫ ಡಿಸೆಂಬರ್, ಮಂಗಳವಾರ

ಇವತ್ತು ಸಹಿಯ ದಿನ. ಮಾಡಲಿಲ್ಲ.

ಸಂಜೆ ಚನ್ನಯ್ಯ ಸರ್ ಜೀಪು ಕಾಗಿಗುಡ್ಡಕ್ಕೇ ಬಂತು. ನನ್ನ ಜತೆ ಮಾತಿಲ್ಲ. ಕಟ್ಟೆಯ ಮೇಲೆ ಹಿರಿಯರನ್ನು, ಹೆಂಗಸರನ್ನು ಕೂಡಿಸಿ ಹೇಳಿದರು. ಶನಿವಾರ ಹೈದರಾಬಾದಿಂದ ಮೇಡಂ ಬರುತ್ತಾರೆ. ಯಾರೂ ಹತ್ತಿಗೆ ಹೋಗಬೇಡಿ. ಮನೆಯಲ್ಲಿರಿ. ಕೇಳಿದರೆ ಕಾಲುವೆ ಕಡೆ ನಮಗೆ ಕೆಲಸವಿಲ್ಲ ಅನ್ನಿ. ಬೇರೆ ಏನಾದರೂ ಹೇಳಿದರೆ ನಿಮ್ಮ ಊರು ಪಟ್ಟಿಯಿಂದ ಹೋಗುತ್ತದೆ, ಎರಡು ವರ್ಷ ಬಿಟ್ಟು ಬರಬೇಕಾದ ಟಾಕಿಯ ಪೈಪು ಬೇರೆ ಊರಿನ ಪಾಲಾಗುತ್ತದೆ.

ಜೀಪು ಹೋದ ಮೇಲೆ ಬಸ್ಸಮ್ಮ ನನ್ನ ಹತ್ತಿರ ಬಂದಳು. ಮರಿಲಿಂಗಮ್ಮನ ಗುಂಪಿನವಳು, ಹನ್ನೊಂದರಲ್ಲಿ ಒಬ್ಬಳು.

"ಸುಮ್ನಿರು ಮೋನವ್ವ. ಇಷ್ಟು ವರ್ಷ ಹೊತ್ತೀವಿ, ಇನ್ನ ಎರಡು ವರ್ಷ ಹೊರತೀವಿ. ಟಾಕಿ ಕೈ ಬಿಡಬಾರದು."

"ಸುಳ್ಳು ಹೇಳಿದ್ರ ಟಾಕಿ ಬರತದ ಅಂತ ಯಾರು ಹೇಳ್ಯಾರಕ್ಕಾ?"

"ಖರೆ ಹೇಳಿದ್ರ ಬರತದ ಅಂತ ನೀ ಬರದು ಕೊಡತಿಯೇನು?"

ಬರೆದು ಕೊಡಲಾರೆ. ಅವಳಿಗೆ ದಿನಕ್ಕೆ ಆರು ಕೊಡ. ಅವಳ ಕುತ್ತಿಗೆ, ಅವಳ ಮಾತು. ನಾನು ಗೋಗಿಗೆ ಹೋದರೆ ನಮ್ಮ ಮನೆ ಮುಂದೆ ನಲ್ಲಿಯಿದೆ.

ಮರಿಲಿಂಗಮ್ಮ ದೂರ ಕೂತು ಬಾತ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು.  

೧೮ ಡಿಸೆಂಬರ್, ಶುಕ್ರವಾರ. ಎಳ್ಳಮಾಸಿ

ಇವತ್ತು ಯಾರೂ ಮೋರಿ ದಾಟಲಿಲ್ಲ. ಎಳ್ಳಮಾಸಿ, ಎಳ್ಳು ಅಮಾವಾಸ್ಯೆ, ದಿನ ಎಲ್ಲರೂ ಅವರವರ ಹೊಲಕ್ಕೆ. ಹೊಲ ಇಲ್ಲದವರು ಇದ್ದವರ ಹೊಲಕ್ಕೆ. ಕಾಗಿಗುಡ್ಡದ ಜೋಳ ಸೊಂಟದೆತ್ತರ ನಿಂತಿತ್ತು. ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ ಬಂದು ಬನ್ನಿಗಿಡದ ನೆರಳಲ್ಲಿ ಊಟ. ಸಜ್ಜೆ ರೊಟ್ಟಿ, ಭಜ್ಜಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಊಟ ಮುಗಿದ ಮೇಲೆ ಎಂದಿನಂತೆ ಆಯಿಯನ್ನು ಸುತ್ತುಗಟ್ಟಿದರು. ಕಥೆ ಹೇಳು ಅಂದರು.

"ಗಂಟಲು ಕೂತದ," ಅಂದಳು ಆಯಿ. ಗಂಟಲಿಗೆ ಏನೂ ಆಗಿರಲಿಲ್ಲ. "ಇವತ್ತ ಮೋನಿ ಹೇಳತಾಳ."

ಮೂವತ್ತು ನಲವತ್ತು ಜನ ಇದ್ದರು. ಮೇಡಂ ತುಟಿ ಬಿಚ್ಚಬೇಡ ಅಂದದ್ದು ನಾಳೆಗೆ. ಇವತ್ತಿಗಲ್ಲ. ಈ ಸಮಾಧಾನ ನಾನೇ ಹೇಳಿಕೊಂಡದ್ದು, ಗೊತ್ತಿದೆ. ಹೇಳಿದೆ.

ಒಂದೂರಲ್ಲಿ ಒಬ್ಬ ದೊಡ್ಡ ಮನುಷ್ಯ. ಹೊಸ ಬಾವಿ ತೋಡಿಸಿದ. ಈ ನೀರಿನ ಗುಣ ಎಷ್ಟು ಎಂದು ನೋಡಬೇಕು ಅನ್ನಿಸಿತು. ಮನೆಯಲ್ಲಿ ಅಕ್ಕತಂಗಿ ಇಬ್ಬರು ಸೊಸೆಯರು. ದೊಡ್ಡವಳಿಗೆ ಅಂದ, ನೀನು ಈ ಬಾವಿಯ ನೀರು ಕುಡಿ. ಸಣ್ಣವಳಿಗೆ ಅಂದ, ನೀನು ಮುಟ್ಟಬೇಡ, ವರ್ಷ ಬಿಟ್ಟು ಇಬ್ಬರನ್ನೂ ನೋಡುತ್ತೇನೆ. ಸಣ್ಣವಳು ಏನು ಮಾಡಬೇಕು? ಅಕ್ಕನ ಭತ್ತ ಕುಟ್ಟಿ ಕೊಟ್ಟಳು, ಅಕ್ಕನ ಕೊಡದಲ್ಲಿ ಕುಡಿದಳು. ದಿನಾ. ವರ್ಷ ಕಳೆಯಿತು. ದೊಡ್ಡ ಮನುಷ್ಯ ಇಬ್ಬರನ್ನೂ ನಿಲ್ಲಿಸಿ ನೋಡಿದ. ಅಂಥ ಫರಕ್ಕೇನೂ ಕಾಣಲಿಲ್ಲ. ಹಾಗಾದರೆ ನನ್ನ ಬಾವಿಯಲ್ಲಿ ಗುಣವಿಲ್ಲ, ಮುಚ್ಚಿಬಿಡಿ, ಅಂದ. ಆಳುಗಳು ಮಣ್ಣಿನ ಬುಟ್ಟಿ ಎತ್ತಿದರು. ಬುಟ್ಟಿ ಸುರಿಯುವ ಮೊದಲು ಅವನಿಗೆ ಏನೋ ಸಂಶಯ ಬಂತು. ಸಣ್ಣವಳ ಕಡೆ ತಿರುಗಿ ಕೇಳಿದ, ನೀನು ಕುಡಿದೆಯೇನು?

ಅಲ್ಲಿಗೆ ನಿಲ್ಲಿಸಿದೆ.

"ಆಕಿ ಏನಂದಳು?" ಬಸ್ಸಮ್ಮ ಕೇಳಿದಳು.

"ನನಗ ಗೊತ್ತಿಲ್ಲಕ್ಕಾ. ಕಥಿ ಅಲ್ಲೀತನಕ ಅಷ್ಟೇ ಬಂದದ."

 ಆಯಿ ನನ್ನ ಕಡೆ ನೋಡಿ, ನಿಲ್ಲಿಸಬೇಕಾದ ಕಡೆಯೇ ನಿಲ್ಲಿಸಿದೆ ಅನ್ನುವ ಹಾಗೆ, ಬಾಯಿಗೆ ಅಡಿಕೆ ಹಾಕಿಕೊಂಡಳು. ಮರಿಲಿಂಗಮ್ಮ ಎದ್ದು ಸೀರೆ ಕೊಡವಿ, ಉಳಿದ ರೊಟ್ಟಿ ನಾಳೆಯ ಬುತ್ತಿಗೆ ಗಂಟು ಕಟ್ಟಿದಳು. ಅದೊಂದನ್ನು ನೋಡಿದೆ. ಮನೆಯಲ್ಲಿ ಇರುವವರಿಗೆ ಬುತ್ತಿ ಯಾಕೆ ಬೇಕು?

೧೯ ಡಿಸೆಂಬರ್, ಶನಿವಾರ, ಬೆಳಗ್ಗೆ ಹತ್ತು. ಮೋರಿ ಕಟ್ಟೆ

ಕೂತಲ್ಲೇ ಬರೆಯುತ್ತಿದ್ದೇನೆ. ಕಥೆ ಕೇಳಿದವರು ಬೆಳಗಾದ ಮೇಲೆ ಏನು ಮಾಡಿದರು ಅನ್ನುವುದು ಮರೆಯುವ ಮೊದಲು.

ಸೂರ್ಯ ಹುಟ್ಟುವ ಮೊದಲೇ ಹತ್ತಿಗೆ ಹೋದರು. ಹನ್ನೊಂದು ಜನ ಅಲ್ಲ. ತೊಂಬತ್ತೇಳು ಮನೆಯವರೂ. ಬಸ್ಸಮ್ಮ ಸಹ. ಹೋಗುವಾಗ ಬಾಗಿಲು ಹಾರು ಹೊಡೆದು ತೆರೆದಿಟ್ಟು, ಹೊಸ್ತಿಲ ಮೇಲೆ ಒಂದೊಂದು ಖಾಲಿ ಕೊಡ ಇಟ್ಟು ಹೋದರು. ಯಾರು ಯಾರಿಗೆ ಹೇಳಿದರು ಗೊತ್ತಿಲ್ಲ. ನನಗೆ ಯಾರೂ ಹೇಳಲಿಲ್ಲ.

ಒಂಬತ್ತಕ್ಕೆ ಜೀಪು ಬಂತು. ಮೇಡಂ ಪಟ್ಟಿ ಹಿಡಿದು ಓಣಿ ಹಿಡಿದರು, ಹಿಂದೆ ಚನ್ನಯ್ಯ ಸರ್. ನಾನು ದೂರ, ತುಟಿ ಹೊಲಿದುಕೊಂಡು. ಮನೆ ನಂಬರ್ ಮೂರು, ಖಾಲಿ ಕೊಡ. ನಂಬರ್ ಒಂಬತ್ತು, ಖಾಲಿ ಕೊಡ. ಹದಿನೇಳು, ಖಾಲಿ ಕೊಡ, ಅದರ ಪಕ್ಕ ಒಂದು ಕೋಳಿ. ಸರ್ ಒಂದೊಂದು ಬಾಗಿಲಲ್ಲೂ ಒಳಗೆ ಇಣುಕಿದರು.

"ಮಂದಿ ಎಲ್ಲಿ ಹೋಗ್ಯಾರ?" ಮೇಡಂ ಕೇಳಿದರು.

ತನ್ನ ಮನೆ ಮುಂದೆ ಕೂತಿದ್ದ ಆಯಿ ಕಾಳಿನ ಗಡಿಗೆ ಮುಂದೆ ಹಿಡಿದು ಅಲ್ಲಾಡಿಸಿದಳು. "ಇದರಾಗ ಅದಾರವ್ವ. ಎಣಿಸ್ಕೋ. ನಿಂಗ ಕಾಳಿನ ಮ್ಯಾಲ ನಂಬಿಕಿ ಇಲ್ಲಂದ್ರ ನನ್ನ ಹಿಂದ ಬಾ."

ಮುದುಕಿ ಮುಂದೆ, ಮೇಡಂ ಹಿಂದೆ, ಮೋರಿಯವರೆಗೆ ನಡೆದು ಬಂದರು. ಪೈಪು ನಿಂತ ಜಾಗ ಮೇಡಂ ಕಣ್ಣಿಗೆ ಬಿತ್ತು. ಅದರ ಬಾಯಿಗೆ ಬಡಿದ ತಗಡನ್ನು ಬೆರಳಿನಿಂದ ತಟ್ಟಿ ನೋಡಿದರು. ಆಚೆ ಹೊನ್ನಮಟ್ಟಿಯ ಹತ್ತಿ, ಕಣ್ಣು ಹಾಯಿಸಿದಷ್ಟೂ ಬೆಳ್ಳಗೆ. ಸಾಲುಗಳ ನಡುವೆ ಬಗ್ಗಿದ ಬೆನ್ನುಗಳು.

ಮೇಡಂ ಕಟ್ಟೆ ಹತ್ತಿ ಕೂಗಿದರು. "ಕಾಗಿಗುಡ್ಡ, ಮನಿ ನಂಬರ್ ಹದಿನೇಳು, ಮರಿಲಿಂಗಮ್ಮ."

ಮರಿಲಿಂಗಮ್ಮ ಎದ್ದು ನಿಂತಳು. ಉಡಿ ತುಂಬ ಹತ್ತಿ. ಒಂದು ಕೈ ಎತ್ತಿದಳು.

ಮೇಡಂ ಇನ್ನೊಂದು ಪಟ್ಟಿ ತಿರುವಿದರು. ಪರಮಣ್ಣನದು. "ಹೊನ್ನಮಟ್ಟಿ, ಮರಿಲಿಂಗಮ್ಮ."

ಮರಿಲಿಂಗಮ್ಮ ಇನ್ನೊಂದು ಕೈಯನ್ನೂ ಎತ್ತಿದಳು. ಬಾತ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

ಮುಂದಿನ ಹೆಸರು ಕೂಗುವವರೆಗೆ ಬಸ್ಸಮ್ಮ ಕಾಯಲಿಲ್ಲ. ಎದ್ದಳು, ಎರಡೂ ಕೈ ಎತ್ತಿದಳು. ಅವಳ ಪಕ್ಕ ಭೀಮಾಬಾಯಿ. ಆಮೇಲೆ ಸಾಲು ಸಾಲಾಗಿ, ಯಾವ ಪಟ್ಟಿಯಲ್ಲೂ ಹೆಸರಿಲ್ಲದವರು ಸಹ. ಎತ್ತಿದ ಕೈ ಯಾರೂ ಇಳಿಸಿಲ್ಲ, ಈಗಲೂ ಹಾಗೇ ನಿಂತಿದ್ದಾರೆ. ಚನ್ನಯ್ಯ ಸರ್ ಏನೋ ಹೇಳಲು ಬಾಯಿ ತೆರೆದರು. ಮೇಡಂ ಕೈ ಅಡ್ಡ ಹಿಡಿದರು. ಎರಡೂ ಪಟ್ಟಿಯನ್ನು ಕಟ್ಟೆಯ ಮೇಲೆ ಹರಡಿ, ಹಾರದಂತೆ ಆಯಿಯ ಗಡಿಗೆ ಇಟ್ಟು, ಚೀಲ ತಡಕಿ, ನನ್ನ ಕಡೆ ಕೈ ಚಾಚಿದ್ದಾರೆ. ಪೆನ್ನು ಬೇಕಂತೆ. ನನ್ನ ಹತ್ತಿರ ಇರುವುದು ಇದೊಂದೇ —